ಸೋಫಾದ ಹೊಟ್ಟಿ

ಪ್ರಮೋಶನ್ ಆಗೂದು ಗಂಡಗ. ಅದರ ತ್ರಾಸು ಮಾತ್ರ ಹೆಂಡತಿ, ನಾಯಿ, ಬೆಕ್ಕು ಎಲ್ಲಾರೂ ಪಾಲು ಹಂಚ್ಕೊಂಡು ಅನುಭವಸ್ಬೇಕು. ದಾಂಡೇಲಿ ಕಾಗದದ ಮಿಲ್ಲಿನ್ಯಾಗ ಆರು ವರ್ಷ ಕಾರಕೂನ ಆಗಿದ್ದ ಮಹಾಂತಪ್ಪ ಅರವತ್ನಾಲ್ಕನೇ ಇಸ್ವಿ ದಸರಾದ ಮುಂದ ಸಣ್ಣ ಆಫೀಸರ ಆದ. ಮಿಲ್ಲಿನ ಕಾಲನಿ ಬಂಗೂರನಗರದಾಗ ಮೊದಲಿನಕಿಂತ ದೊಡ್ಡ ಕ್ವಾರ್ಟರ್ಸ್ ಕೊಟ್ರು. ಕ್ವಾರ್ಟರ್ಸಿಗೆ ಒಂದು ಹಾಲ್ ಇತ್ತು, ಹಾಲಿನ್ಯಾಗ ಒಂದು ಮಡಚೂ ಕುರ್ಚಿ ಬಿಟ್ರ ಏನೂ ಇದ್ದಿಲ್ಲ. ಅಲ್ಲಿಂದ ಸುರು ಆತು ನೋಡ್ರಿ.

ಆ ಕ್ವಾರ್ಟರ್ಸ್ ಲೈನಿನ್ಯಾಗ ಒಂದು ಪದ್ಧತಿ ಇತ್ತು. ಹೊಸಾ ಆಫೀಸರ ಆದವರ ಮನಿಗೆ ಮ್ಯಾನೇಜರ ಸಾಹೇಬ್ರು ಒಂದು ರವಿವಾರ ಚಹಾಕ್ಕ ಬರ್ತಿದ್ರು. ಒಂದು ಕಪ್ಪು ಚಹಾ ಕುಡದು, ಊರು ಕೇರಿ ಕೇಳಿ, ಎದ್ದು ಹೋಗ್ತಿದ್ರು. ದೀಪಾವಳಿ ಮುಗದ ಮೊದಲನೇ ರವಿವಾರ ನಮ್ಮ ಪಾಳಿ ಅಂತ ಮಹಾಂತಪ್ಪ ಮನಿಗೆ ಬಂದು ಹೇಳಿದ. ಹೇಳಿ ಆ ಮಡಚೂ ಕುರ್ಚಿ ಕಡೆ ಹೆಂಗ ನೋಡಿದ ಅಂದ್ರ, ಹೆಂಡತಿ ಶಿವಗಂಗವ್ವಗ ಆ ಕುರ್ಚಿದ ಕರುಣಾ ಬಂತು. ಆಕಿ ಮುಂಡಗೋಡ ಕಡೆ ಒಕ್ಕಲುತನದ ಮನಿ ಮಗಳು. ಸಾಹೇಬ್ರಿಗೇನು ಬ್ಯಾರೆ ನಮೂನಿ ಸೊಂಟ ಐತೇನು, ಛಲೋ ಕಂಬಳಿ ಹಾಸಿದ್ರ ಕುಂಡ್ರೂದಿಲ್ಲೇನು ಅಂತ ಕೇಳಿದಳು. ಆಫೀಸರ ಆದಾಗಿಂದ ಮಹಾಂತಪ್ಪ ಅರ್ಧಕ್ಕರ್ಧ ಪ್ರಶ್ನಿಗೆ ಉತ್ತರ ಕೊಡೂದು ಬಿಟ್ಟಿದ್ದ.

ಸೋಫಾ ತರೂದು ಅಂತ ಠರಾವು ಆತು. ಆದ್ರ ಮನ್ಯಾಗ ಇನ್ನೂ ಇಬ್ಬರಿದ್ರಲ್ಲ. ಒಬ್ಬಾಕಿ ಗೌಡತಿ, ಬೂದಿ ಬಣ್ಣದ ಬೆಕ್ಕು. ಆಕಿ ಯಾರಪ್ಪನ ಮಾತೂ ಕೇಳೂವಾಕಿ ಅಲ್ಲ, ಅದಕ್ಕ ಯಾರೂ ಆಕಿಗೆ ಏನೂ ಹೇಳ್ತಿದ್ದಿಲ್ಲ. ಇನ್ನೊಬ್ಬ ಕೆಂಚ್ಯಾ, ಕೆಂಪು ಮೈಯಿನ ನಾಯಿ. ಐವತ್ತೆಂಟರಾಗ ಗಂಡ ಹೆಂಡತಿ ದಾಂಡೇಲಿಗೆ ಬಂದಾಗ ಬಿದರಿನ ರಾಶಿ ಸಂದ್ಯಾಗ ಸಿಕ್ಕ ಮರಿ ಅದು, ಕಣ್ಣು ಸೈತ ಪೂರಾ ತಗದಿದ್ದಿಲ್ಲ. ಶಿವಗಂಗವ್ವ ಅರಬಿ ಬತ್ತಿ ಮಾಡಿ ಹಾಲು ಕುಡಸಿ ಬದುಕಿಸಿದಳು. ಆಕಿಗೆ ಮಕ್ಕಳಾಗಲಿಲ್ಲ. ಕೆಂಚ್ಯಾ ಅಂದ್ರ ಜೀವಾ ಬಿಡ್ತಿದ್ಳು, ಅದನ್ನ ಮುಚ್ಚಿಡೂ ಗೋಜಿಗೂ ಹೋಗಿದ್ದಿಲ್ಲ.

ಆ ನಾಯಿದು ಒಂದು ಚಾಕರಿ ಇತ್ತು. ಸಂಜಿ ಐದಕ್ಕ ಮಿಲ್ಲಿನ ಭೋಂಗಾ ಕೂಗ್ತಂದ್ರ ಎಲ್ಲೇ ಇರಲಿ, ಓಡಿ ಮಿಲ್ಲಿನ ಗೇಟಿಗೆ ಹೋಗಿ ನಿಂದರತಿತ್ತು. ಸಾವಿರ ಮಂದಿ ಹೊರಗ ಬಂದ್ರೂ ಮಹಾಂತಪ್ಪನ್ನ ಹುಡುಕಿ, ಹಿಂದಿಂದ ಮನಿತನಕ ಕರಕೊಂಡು ಬರತಿತ್ತು. ಆರು ವರ್ಷ ಒಂದು ದಿನ ತಪ್ಪಿಸಿದ್ದಿಲ್ಲ. ಕಾರಕೂನ ಇದ್ದಾಗ ಮಹಾಂತಪ್ಪಗ ಅದು ಹೆಮ್ಮಿ. ಆಫೀಸರ ಆದ ಮ್ಯಾಲ ನಾಚಿಕಿ. ಸಂಜಿ ನಾಯಿನ್ನ ಕಟ್ಟಿ ಹಾಕು ಅಂತ ಹೆಂಡತಿಗೆ ಹೇಳಿದ. ಆಕಿ ಕಟ್ಟಿದಳು. ಭೋಂಗಾ ಆದಕೂಡ್ಲೆ ಅದು ಹಗ್ಗಾ ಜಗ್ಗಿ ಜಗ್ಗಿ ಅಳೂದನ್ನ ಕೇಳಿ ಆಕಿ ಒಳಗ ಹೋಗಿ ಸುಮ್ಮಸುಮ್ಮನ ಬುಟ್ಟಿ ಸರಸಾಡ್ತಿದ್ಳು.

ಸೋಫಾದ ಮಾತು ಬಂದ ದಿನ ಮಹಾಂತಪ್ಪ ಷರತ್ತು ಹಾಕಿದ.

"ಸೋಫಾಕ್ಕ ಒಂದ ತೂತು ಬಿತ್ತಂದ್ರ ಕೆಂಚ್ಯಾ ದ್ಯಾಮಪ್ಪನ ಲಾರಿ ಹತ್ತತಾನ. ಆಮ್ಯಾಲ ನನ್ನ ಮುಂದ ಅಳಬ್ಯಾಡ."

ದ್ಯಾಮಪ್ಪ ಅಂದ್ರ ಜೋಯಿಡಾ ಅಡವಿಯಿಂದ ಮಿಲ್ಲಿಗೆ ಬಿದರು ತರೂ ಲಾರಿ ಡ್ರೈವರ. ಅಡವ್ಯಾಗ ಅವನ ಶೆಡ್ ಕಾಯಾಕ ಒಂದು ನಾಯಿ ಬೇಕಾಗಿತ್ತು. ಯಾಕಂದ್ರ ಹಿಂದಿನ ಎರಡೂ ನಾಯಿ ಚಿರತಿ ಹೊತ್ಕೊಂಡು ಹೋಗಿತ್ತು. ಇದು ಮಹಾಂತಪ್ಪಗೂ ಗೊತ್ತಿತ್ತು, ಶಿವಗಂಗವ್ವಗೂ ಗೊತ್ತಿತ್ತು. ಇಬ್ಬರೂ ಚಿರತಿ ಹೆಸರು ಎತ್ತಲಿಲ್ಲ.

ಹಿಂಗಾಗಿ ಸೋಫಾ ಆರಿಸೂ ಕೆಲಸಾ ಶಿವಗಂಗವ್ವ ತನ್ನ ಕೈಗೆ ತಗೊಂಡಳು. ಸಾಹೇಬ್ರು ಕುಂಡ್ರೂದು ಹತ್ತು ಮಿನೀಟು, ಕೆಂಚ್ಯಾ ಇರೂದು ಜೀವ ಇರೂತನಕ. ಯಾರ ಲೆಕ್ಕದಿಂದ ಆರಿಸ್ಬೇಕು ಅನ್ನೂದ್ರಾಗ ಆಕಿಗೇನೂ ಅನುಮಾನ ಇದ್ದಿಲ್ಲ.

ಮೊದಲ ಆಜೂಬಾಜೂ ಮನಿ ಸೋಫಾ ನೋಡ್ಕೊಂಡು ಬಂದಳು. ಬಾಜೂ ಮನಿ ಶಂಕ್ರವ್ವನ ಹಂತ್ಯಾಕ ಕೆಂಪು ಮಖಮಲ್ಲಿನ ಸೋಫಾ ಇತ್ತು. ಅದರ ಮ್ಯಾಲ ಒಂದು ಚಾದರ, ಚಾದರದ ಮ್ಯಾಲ ಒಂದು ಟಾವೆಲ್. ಶಂಕ್ರವ್ವನೂ ಆಕಿ ಮಕ್ಕಳೂ ಕೆಳಗ ಚಾಪಿ ಮ್ಯಾಲ ಕುಂತು ಆ ಸೋಫಾನ್ನ ಕಾಯ್ತಿದ್ರು. ಆ ಮನ್ಯಾಗ ನಾಯಿನೂ ಇಲ್ಲ, ಬೆಕ್ಕೂ ಇಲ್ಲ, ಆದ್ರೂ ಈ ಪರಿ ಕಾವಲು. ಶಿವಗಂಗವ್ವ ಚಹಾ ಕುಡದು, ಛಲೋ ಐತಿ ಅಂದು, ಎದ್ದು ಬಂದಳು.

ಮಹಾಂತಪ್ಪ ಹುಬ್ಬಳ್ಳಿ ಅಂಗಡಿಯಿಂದ ಅರಬಿ ತುಣುಕು ತರಸಿದ್ದ, ಮಖಮಲ್, ರೆಕ್ಝಿನ್, ಹೂವಿನ ಚಿತ್ರದ್ದು. ಆಕಿ ಒಂದು ಮಧ್ಯಾಹ್ನ ಎಲ್ಲಾನೂ ಪಡಸಾಲ್ಯಾಗ ಸಾಲಾಗಿ ಹಾಸಿ ಗೌಡತಿನ್ನ ಕರದಳು. ಗೌಡತಿ ಸಾವಕಾಶ ಬಂದು ಮಖಮಲ್ಲಿಗೆ ಉಗುರು ಹಾಕಿ ಎಳದು ನೋಡಿದಳು, ಬಾಳ ಚೊಲೋ ಅನಿಸ್ತು, ಹತ್ತು ಸಲ ಎಳದಳು. ರೆಕ್ಝಿನ್ನಿಗೆ ನಾಕು ತೂತು ಮಾಡಿದಳು. ಹೂವಿನ ಅರಬಿ ದಾರದಾರ ಆತು. ಕಡೀಕ ಶಿವಗಂಗವ್ವ ತನ್ನ ಹಾಸಗಿ ಕೆಳಗಿನ ಹಳೇ ಫೆಲ್ಟು ತಂದು ಹಾಸಿದಳು. ಫೆಲ್ಟು ಅಂದ್ರ ಮಿಲ್ಲಿನ್ಯಾಗ ಹಸೀ ಕಾಗದ ಹೊತ್ಕೊಂಡು ಮಶೀನಿನ ಮ್ಯಾಲ ತಿರಗೂ ದಪ್ಪ ಉಣ್ಣಿ ಪಟ್ಟಾ. ಸವದ ಮ್ಯಾಲ ಕೆಲಸಗಾರರು ಅದನ್ನ ತಂದು ಹೊಚಗೊಳ್ಳಾಕ, ಹಾಸ್ಕೊಳ್ಳಾಕ ಮಾಡ್ತಿದ್ರು. ಗೌಡತಿ ಅದಕ್ಕ ಒಂದ ಸಲ ಉಗುರು ಹಾಕಿದಳು, ಏನೂ ಆಗಲಿಲ್ಲ, ಅವಮಾನ ಆದಾವ್ರಂಗ ಎದ್ದು ಹೋದಳು. ಸೋಫಾದ ಅರಬಿ ಆರಿಸಿದ್ದು ಹಿಂಗ.

ಮಹಾಂತಪ್ಪ ಕೇಳಿ ಹೌಹಾರಿದ. ಕೂಲಿ ಮಂದಿ ಹೊಚಗೊಳ್ಳೂ ಕಂಬಳಿ ಮ್ಯಾಲ ಸಾಹೇಬ್ರನ್ನ ಕುಂಡರಸ್ಲೇನು ಅಂದ. ಬಣ್ಣಾ ಹಾಕಿದ್ರ ಅವರವ್ವಗೂ ಗುರ್ತು ಹತ್ತೂದಿಲ್ಲ ಅಂತ ಶಿವಗಂಗವ್ವ ಹೇಳಿದಳು. ಎಲಿ ಅಡಕಿಗೆ ಹಾಕೂ ಕಾಚು ಹಾಕಿ ಕುದಿಸಿ, ಕೆಂಚ್ಯಾನ ಬೆನ್ನಿನ ಕೂದಲಾ ಬಾಜೂಕ ಹಿಡದು ನೋಡಿ, ಎರಡೂ ಒಂದ ಆಗೂತನಕ ಕುದಿಸಿದಳು. ಕೂದಲಾ ಉದುರಿದ್ರೂ ಕಾಣಬಾರದಲ್ಲ. ಬಣ್ಣಾ ಹಾಕಿದ್ದನ್ನ ನೋಡಿ ಮಹಾಂತಪ್ಪ ತಣ್ಣಗಾದ. ಮರುದಿನದಿಂದ ಆಫೀಸಿನ್ಯಾಗ ಇದು ವಿಲಾಯಿತಿ ಉಣ್ಣಿ ಅಂತ ಹೇಳ್ಕೋತ ತಿರಗಿದ.

ಇನ್ನ ಕಟ್ಟಗಿ ಕೆಲಸಾ. ಹಂತ್ಯಾಕಿನ ಅಂಬೇವಾಡಿಯಾಗ ಜುಜೆ ಅಂತ ಒಬ್ಬ ಬಡಿಗ್ಯಾ ಇದ್ದ, ಜೋಯಿಡಾ ಕಡೆ ಸಿದ್ದಿ ಕಿರಸ್ತಾನ, ಸಾಗವಾನಿ ಕೆಲಸದಾಗ ಅವನ ಸರಿಸಾಟಿ ಯಾರೂ ಇದ್ದಿಲ್ಲ. ಅವನ ಹೇಂತಿ ಫಿಲೋಮಿನಾ ಗಾದಿ ಹೊಲಿಯೂದು, ಕೌದಿ ಹೊಲಿಯೂದು ಮಾಡ್ತಿದ್ಳು. ಶಿವಗಂಗವ್ವ ಕೆಂಚ್ಯಾನ್ನ ಕರಕೊಂಡ ಹೋದಳು. ಜುಜೆನ ಶೆಡ್ಡಿನ್ಯಾಗ ನಾಯಿನ್ನ ಮಲಗಿಸಿ, ನೆಲದಿಂದ ಬೆನ್ನಿನತನಕ ದಾರಾ ಹಿಡದು ಅಳತಿ ತಗೊಂಡು, ಸೋಫಾದ ಕಾಲು ಇದರಕಿಂತ ಎರಡು ಬಟ್ಟು ಎತ್ತರ ಇರಬೇಕು ಅಂದಳು. ನಾಯಿಗೆ ಕೆಳಗ ಮಕ್ಕೊಳ್ಳಾಕ ಜಾಗಾ ಸಿಕ್ರ ಮ್ಯಾಲ ಹತ್ತೂ ಆಸೆ ಹುಟ್ಟೂದಿಲ್ಲ ಅನ್ನೂದು ಆಕಿ ವಿಚಾರ. ಜುಜೆ ಪೆನ್ಸಿಲ್ ಕಿವಿಗೆ ಸಿಗಿಸ್ಕೊಂಡು ಬಾಳ ಗಂಭೀರ ಆಗಿ ಕೇಳಿದ.

"ಅಕ್ಕಾರ, ಸೋಫಾ ಮಾಡೂದು ಮ್ಯಾಲ ಕುಂಡ್ರಾವ್ರಿಗೋ, ಕೆಳಗ ಮಕ್ಕೊಳ್ಳಾವ್ರಿಗೋ?"

ಇಬ್ಬರಿಗೂ ಅಂತ ಆಕಿನೂ ಗಂಭೀರ ಆಗೇ ಹೇಳಿದಳು. ಮೂರು ಮಂದಿ ಕುಂಡ್ರೂ ಉದ್ದಂದು ಒಂದು, ಒಬ್ಬರು ಕುಂಡ್ರೂದು ಒಂದು, ಅಂತ ಮಾತಾತು.

ಈಗ ಒಂದು ಮಾತು ಹೇಳಬೇಕು. ನಮ್ಮ ಕಡೆ ಕೌದಿ ಹೊಲದು ಮುಗಸೂ ಮುಂದ, ಕಡೀ ಹೊಲಿಗಿ ಹಾಕೂಕಿಂತ ಮೊದಲ, ಒಳಗ ಒಂದು ತುಣುಕು ರೊಟ್ಟಿನೋ, ನಾಕು ಕಾಳೋ ಇಟ್ಟು ಮುಚ್ಚತಾರ. ಅದಕ್ಕ ಕೌದಿ ಹೊಟ್ಟಿ ತುಂಬಸೂದು ಅಂತಾರ. ಖಾಲಿ ಹೊಟ್ಟಿ ಕೌದಿ ಹೊತ್ತಾವ್ರ ಮನ್ಯಾಗ ಹಸಿವು ಇರತೈತಿ ಅಂತ ನಂಬಿಗಿ. ದಸರಾದಾಗ ಶಿವಗಂಗವ್ವ ಒಂದು ಕೌದಿ ಮುಗಸಿ ಹಂಗ ರೊಟ್ಟಿ ಇಡೂ ಮುಂದ ಮಹಾಂತಪ್ಪ ನೋಡಿಬಿಟ್ಟ. ಆಫೀಸರ ಆಗಿ ಬರೇ ಎಂಟು ದಿನ ಆಗಿತ್ತು. ಅರ್ಧಾ ತಾಸು ಭಾಷಣಾ ಮಾಡಿದ. ಇರುವಿ ಬರತಾವ, ಜೊಂಡಿಗ್ಯಾ ಬರತಾವ, ಜಗತ್ತು ಎಲ್ಲೆ ಹೊಂಟೈತಿ, ನೀವು ಹಳ್ಳಿ ಖೋಡಿಗಳು ಎಲ್ಲೆದೀರಿ ಅಂದ. ಶಿವಗಂಗವ್ವ ರೊಟ್ಟಿ ತುಣುಕು ಕೈಯಾಗ ಹಿಡಕೊಂಡು ಕೇಳಿದಳು. ಅಂವ ಹೋದ ಮ್ಯಾಲ ಇಟ್ಟು ಹೊಲದಳು.

ದೀಪಾವಳಿ ಪಾಡ್ಯಾದ ದಿನ ಹೋಳಿಗಿ ಮಾಡಿದಳು. ಮರುದಿನ ಶುಕ್ರವಾರ ಮುಂಜಾನೆ ಎಣಿಸಿದ್ರ ಡಬ್ಬ್ಯಾಗ ಎರಡು ಕಡಿಮಿ. ನಿನ್ನ ನಾಯಿನ ತಿಂದಿರಬೇಕು ಅಂತ ಮಹಾಂತಪ್ಪ ಬೂಟಿನ ಲಾಡಿ ಕಟ್ಕೋತ ಹೇಳಿ, ಸೋಫಾದ ಪಾಲಿಶ್ ಹೆಂಗಾಗೈತಿ ನೋಡ್ಕೊಂಡು ಹಂಗ ಆಫೀಸಿಗೆ ಹೋಗ್ತೇನಿ ಅಂತ ಅಂಬೇವಾಡಿ ಕಡೆ ಹೋದ. ಡಬ್ಬಿ ಮುಚ್ಚಳಾ ಬಿಗಿ ಇತ್ತು. ಮುಚ್ಚಳಾ ತಗದು ತಿಂದು ತಿರುಗಿ ಮುಚ್ಚೂ ನಾಯಿನ್ನ ಶಿವಗಂಗವ್ವ ಎಲ್ಲೂ ಕಂಡಿದ್ದಿಲ್ಲ. ಆದ್ರೂ ಹಬ್ಬದಾಗ ವಾದ ಯಾಕ ಅಂತ ಬಿಟ್ಟಳು.

ಅವತ್ತ ಮಧ್ಯಾಹ್ನ ಆಕಿನೂ ಅಂಬೇವಾಡಿಗೆ ಹೋದಳು. ಫಿಲೋಮಿನಾ ಸೀಟುಗಳಿಗೆ ನಾರು, ಹತ್ತಿ ಅರಳಿ ತುಂಬಿ ಹೊಲಿಯಾಕತ್ತಿದ್ಳು. ಒಬ್ಬರು ಕುಂಡ್ರೂದು ಮುಗದಿತ್ತು, ಉದ್ದಂದು ಇನ್ನೂ ಒಂದು ಕಡೆ ಬಾಯಿ ಬಿಟ್ಕೊಂಡಿತ್ತು. ಶಿವಗಂಗವ್ವ ಅತ್ತಿತ್ತ ನೋಡಿ, ಸೆರಗಿನ ಗಂಟು ಬಿಚ್ಚಿ, ಒಂದು ಮುಟಗಿ ಒಣಾ ಜ್ವಾಳ ತಗದು ನಡುವ ಇಟ್ಟಳು. ರೊಟ್ಟಿ ಇಟ್ಟಿದ್ರ ನಾಯಿಗೆ ವಾಸನಿ ಹತ್ತತಿತ್ತು. ಬೆಲ್ಲಾ ಇಟ್ಟಿದ್ರ ಇರುವಿ ಬರ್ತಿದ್ದು. ಬರೇ ಜ್ವಾಳಕ್ಕ ಕೆಂಚ್ಯಾ ಮೂಗು ಸೈತ ತಿರುಗಸೂದಿಲ್ಲ ಅನ್ನೂದನ್ನ ಮನ್ಯಾಗ ಪರೀಕ್ಷಾ ಮಾಡೇ ಬಂದಿದ್ಳು. ಫಿಲೋಮಿನಾ ಅದನ್ನ ನೋಡಿ, ಹಲ್ಲಿನ್ಯಾಗ ದಾರಾ ಹಿಡಕೊಂಡು ನಗಾಕತ್ತಿದಳು. ಈ ಸೋಫಾ ಮಾತ್ರ ಉಪವಾಸ ಬೀಳೂದಿಲ್ಲ ಬಿಡ್ರಿ ಅಕ್ಕಾ ಅಂದಳು. ನಗೂದೇನೈತಿ ಇದ್ರಾಗ ಅಂತ ಶಿವಗಂಗವ್ವಗ ಸಿಟ್ಟು ಬಂತು, ಆದ್ರ ಗಂಡಗ ಹೇಳಬ್ಯಾಡ ಅಂತ ಹೇಳೂದಿತ್ತು, ಅದಕ್ಕ ಆಕಿನೂ ನಕ್ಕಳು.

ಶನಿವಾರ ಸಂಜಿ ಸೋಫಾ ಬಂತು. ಲೈನಿನ ಮಂದಿ ಎಲ್ಲಾ ಬಂದು ನೋಡಿದ್ರು. ಮಹಾಂತಪ್ಪ ಒಬ್ಬರು ಕುಂಡ್ರೂ ಸೋಫಾದ ಮ್ಯಾಲ ಕುಂತು, ಎದ್ದು, ಮತ್ತ ಕುಂತು, ಇದು ಸಾಹೇಬ್ರಿಗೆ ಅಂತ ಹೇಳಿ ಹಾಲಿನ ಬಾಗಲಾ ಮುಚ್ಚಿದ.

ರವಿವಾರ ಮುಂಜಾನೆ ಶಿವಗಂಗವ್ವ ಹಾಲ್ ಕಸಾ ಹೊಡದು, ಬಿಸ್ಕೀಟು ತರಾಕ ಬಜಾರಕ್ಕ ಹೋದಳು. ಬಾಗಲಾ ಹಾಕೂದು ಮರತಳು. ತಿರುಗಿ ಬರೂದ್ರಾಗ ಹಾಲ್ ತುಂಬ ಅರಳಿ ಹಾರ್ಯಾಡಾಕತ್ತಿತ್ತು. ಸಾಹೇಬ್ರ ಸೋಫಾದ ಸೀಟು ಹೊಂಡಾ ಬಿದ್ದಂಗ ಕೆಳಗ ಕುಸದಿತ್ತು. ಮ್ಯಾಲಿನ ಫೆಲ್ಟಿಗೆ ಒಂದು ಗೆರಿ ಸೈತ ಬಿದ್ದಿದ್ದಿಲ್ಲ, ಅಷ್ಟು ಗಟ್ಟಿ. ಆದ್ರ ಕೆಳಗ ಬಡದ ಗೋಣಿತಟ್ಟು ಹರದು ಜೋತಾಡತಿತ್ತು. ಅದರ ಕೆಳಗ, ಅಳತಿ ತಗದು ಮಾಡಿಸಿದ ಆ ಜಾಗಾದಾಗ, ಕೆಂಚ್ಯಾ ಮಕ್ಕೊಂಡು ನಾಲಿಗಿ ನೆಕ್ಕೋತಿತ್ತು. ಬಾಜೂಕ ಮಹಾಂತಪ್ಪ ಮಾರಿಗೆ ಸಾಬಾಣ ಹಚ್ಚಿಕೊಂಡು, ಕೈಯಾಗ ದಾಡಿ ಕತ್ತಿ ಹಿಡಕೊಂಡು ನಿಂತಿದ್ದ.

ಅಂವ ಒದರಾಡಲಿಲ್ಲ. ಒದರಾಡಿದ್ರ ಛಲೋ ಇತ್ತು. ಇನ್ನೊಂದು ತಾಸಿಗೆ ದ್ಯಾಮಪ್ಪನ ಲಾರಿ ಜೋಯಿಡಾಕ್ಕ ಹೋಗತೈತಿ, ಬಾಜೂ ಮನಿ ಹುಡುಗನ ಕೈಲೆ ಹೇಳಿ ಕಳಸೇನಿ, ಅದರ ಹಗ್ಗಾ ತಂದಿಡು ಅಂದ. ನಾಲ್ಕಕ್ಕ ಸಾಹೇಬ್ರು ಬರತಾರ, ಅಷ್ಟ್ರಾಗ ಆ ತೂತು ಹೊಲಿ ಅಂತನೂ ಅಂದ. ಆದ್ರ ಹೇಳೂ ಮುಂದ ಆಕಿ ಮಾರಿ ನೋಡಲಿಲ್ಲ, ನಾಯಿ ಮಾರಿನೂ ನೋಡಲಿಲ್ಲ.

ತಾ ಇಟ್ಟ ಜ್ವಾಳದಿಂದ ಹಿಂಗಾತು, ತನ್ನ ಖೋಡಿತನದಿಂದ ಕೆಂಚ್ಯಾನ ಜೀವಕ್ಕ ಬಂತು ಅಂತ ಶಿವಗಂಗವ್ವ ಎದಿ ಹೊಡಕೊಂಡಳು. ಸೂಜಿ ದಾರಾ ತಗೊಂಡು ಸೋಫಾ ಮಗ್ಗಲಾಗಿ ಕೆಡವಿ ಕುಂತಳು, ಕಣ್ಣೀರಿನ್ಯಾಗ ತೂತು ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ತಲಿಗೆ ಹೊಳೀತು. ಜ್ವಾಳ ಇಟ್ಟಿದ್ದು ಉದ್ದನ ಸೀಟಿನ್ಯಾಗ ಅಲ್ಲೇನು? ಎದ್ದು ಹೋಗಿ ಒತ್ತಿ ನೋಡಿದಳು, ಕಾಳು ಅಲ್ಲೇ ಇದ್ದು. ಹಂಗಾದ್ರ ಇದ್ರಾಗ ಏನಿತ್ತು? ತೂತಿನೊಳಗ ಕೈ ಹಾಕಿದಳು. ಒಂದು ಕಾಗದ ಸಿಕ್ತು, ಮಿಲ್ಲಿನ ದಪ್ಪ ಬಿಳೇ ಕಾಗದ, ತುಪ್ಪ ಹತ್ತಿ ಆರಪಾರ ಕಾಣೂವಂಗ ಆಗಿತ್ತು. ಅದರ ಮ್ಯಾಲ ನೀಲಿ ಶಾಯಿಯಿಂದ, ಗಂಡನ ದುಂಡು ಅಕ್ಷರದಾಗ, "ಶ್ರೀ ಬಸವೇಶ್ವರ ಪ್ರ" ಅಂತ ಇತ್ತು. ಉಳದ "ಸನ್ನ" ಹೋಳಿಗಿ ಕೂಡ ಕೆಂಚ್ಯಾನ ಹೊಟ್ಟಿಗೆ ಹೋಗಿತ್ತು.

ಆಕಿ ಆ ಕಾಗದ ಬೆಳಕಿಗೆ ಹಿಡದು ಮತ್ತೊಮ್ಮೆ ಓದಿದಳು. ಬಿಗಿ ಮುಚ್ಚಳದ ಡಬ್ಬಿ, ಮುಂಜಾನೆದ್ದು ಪಾಲಿಶ್ ನೋಡಾಕ ಹೋದದ್ದು, ಫಿಲೋಮಿನಾ ನಕ್ಕಿದ್ದು, ಎಲ್ಲಾ ಒಂದಕ್ಕೊಂದು ಕೂಡಿ ಬಂತು. ಮೊದಲ ಸಿಟ್ಟು ಬಂತು, ಎಂಥಾ ಸಿಟ್ಟು ಅಂದ್ರ ದಾಡಿ ಕತ್ತಿ ತನ್ನ ಕೈಯಾಗ ಇದ್ದಿಲ್ಲ ಅನ್ನೂದ ಪುಣ್ಯ. ತಾ ಮಾಡಿದ್ದು ಗೊತ್ತಿದ್ದೂ ನಾಯಿನ್ನ ಚಿರತಿ ಬಾಯಿಗೆ ಕೊಡಾಕ ಹೊಂಟಾನಲ್ಲ. ಹಂಗ ಎದ್ದು ಹೋಗಿ, ಕನ್ನಡಿ ಮುಂದ ಕುಂತಿದ್ದ ಮಹಾಂತಪ್ಪನ ಮುಂದ ಕಾಗದ ಇಟ್ಟಳು.

ಮಹಾಂತಪ್ಪ ಅದನ್ನ ನೋಡಿದ. ಸಾಬಾಣ ಮಾರಿ ಮ್ಯಾಲ ಒಣಗಿತ್ತು. ಆಫೀಸರಕಿ ಹೆಂಗ ಇಳೀತು ಅಂದ್ರ, ತನ್ನ ಹಳ್ಳಿ ಸಾಂಬ್ರಾಣಿಯಿಂದ ಮೊನ್ನೆ ಬಂದಾವ್ರಂಗ ಕಂಡ.

"ನಮ್ಮವ್ವ ಹೇಳ್ತಿದ್ಳು," ಅಂದ ಸಣ್ಣ ದನಿಯಿಂದ. "ಖಾಲಿ ಹೊಟ್ಟಿದು ಮನಿಯೊಳಗ ತರಬಾರದು ಅಂತ. ಅದೂ ಸಾಹೇಬ್ರು ಕುಂಡ್ರೂ ಜಾಗಾ."

ಅವರವ್ವ ಸತ್ತು ಒಂಬತ್ತು ವರ್ಷ ಆಗಿತ್ತು. ಅರ್ಧಾ ತಾಸಿನ ಭಾಷಣಾ ಶಿವಗಂಗವ್ವಗ ನೆಪ್ಪಿತ್ತು, ತಿರುಗಿ ಅದನ್ನ ಅವನ ಮಾರಿಗೆ ಹೊಡೀಬೇಕು ಅಂತನೂ ಅನಿಸ್ತು. ಆದ್ರ ಹೊರಗ ದ್ಯಾಮಪ್ಪನ ಲಾರಿ ಹಾರ್ನು ಆತು. ಕೆಂಚ್ಯಾ ಹೊಸಾ ಸದ್ದಿಗೆ ಕಿವಿ ನಿಮಿರಿಸಿ ಓಡಿ ಬಂದು ಮಹಾಂತಪ್ಪನ ಕಾಲಾಗ ನಿಂತಿತು. ಭಾಷಣಾ ಮಾಡಾಕ ವ್ಯಾಳ್ಯಾ ಇದ್ದಿಲ್ಲ.

"ಹೋಳಿಗಿ ನಾಯಿನ ತಿಂದೈತಿ ಅಂತ ನೀವ ಹೇಳಿದ್ರಿ, ಖರೇ ಆತು," ಅಂದಳು ಶಿವಗಂಗವ್ವ. "ಈಗ ಕೇಳ್ರಿ. ನೀವು ಸೋಫಾಕ್ಕ ಉಣಿಸಿದ್ದು ಇವನ ಹೊಟ್ಟ್ಯಾಗ ಐತಿ. ಇನ್ನ ಸೋಫಾದ ಹೊಟ್ಟಿ ಅಂದ್ರ ಇವನ ಹೊಟ್ಟಿನ. ಲಾರಿ ಹತ್ತಸ್ತೀರೇನು, ಹತ್ತಸ್ರಿ. ಖಾಲಿ ಹೊಟ್ಟಿ ಸೋಫಾದ ಮ್ಯಾಲ ಸಾಹೇಬ್ರನ್ನ ಕುಂಡರಸ್ರಿ."

ಮಹಾಂತಪ್ಪ ವಿಚಾರ ಮಾಡಿದ. ಇದು ಹಳ್ಳಿ ಖೋಡಿತನ ಅನ್ನಾಕ ಬರತಿತ್ತು, ಆದ್ರ ಅಂವ ಹಂಗ ಅಂದ್ರ ಆ ಕಾಗದ ಯಾರದು? ಹೋಳಿಗಿ ಡಬ್ಬಿ ತಗದು, ಎರಡು ಹೋಳಿಗಿ ಕೈಯಾಗ ಹಿಡಕೊಂಡು, ಒಣಗಿದ ಸಾಬಾಣದ ಮಾರಿಯಿಂದ ಹಂಗ ಹೊರಗ ಹೋದ. ದ್ಯಾಮಪ್ಪಗ ಹೋಳಿಗಿ ಕೊಟ್ಟು ಏನು ಹೇಳಿದನೋ ಶಿವಗಂಗವ್ವಗ ಕೇಳಲಿಲ್ಲ. ಲಾರಿ ಹೋದ ಸದ್ದು ಕೇಳ್ತು. ಕೆಂಚ್ಯಾ ಮನ್ಯಾಗ ಇತ್ತು, ಆಕಿ ಸೂಜಿ ದಾರಾ ತಗೊಂಡು ತೂತು ಹೊಲಿಯಾಕ ಕುಂತಳು.

ನಾಲ್ಕಕ್ಕ ಸಾಹೇಬ್ರು ಬಂದ್ರು. ಸೋಫಾದ ಕೆಳಗ ಹೊಸಾ ಗೋಣಿತಟ್ಟು ಹೊಲದಾಗಿತ್ತು, ಮಹಾಂತಪ್ಪ ಎರಡೂ ಕೈಯಿಂದ ಸೀಟು ತೋರಿಸಿ ಬರ್ರಿ ಕುಂಡ್ರಿ ಅಂದ. ಸಾಹೇಬ್ರು ಕೈಯಾಡಿಸಿದ್ರು. ಬೆನ್ನು ಬ್ಯಾನಿ, ಮೆತ್ತನ್ನ ಜಾಗಾದಾಗ ಕುಂಡ್ರಬ್ಯಾಡ ಅಂತ ಡಾಕ್ಟರ್ ಹೇಳ್ಯಾರ ಅಂತ ಹೇಳಿ, ಮೂಲ್ಯಾಗ ಇದ್ದ ಮಡಚೂ ಕುರ್ಚಿ ತಾವ ಬಿಚ್ಚಿಕೊಂಡು ಕುಂತ್ರು. ಅರ್ಧಾ ಕಪ್ಪು ಚಹಾ ಕುಡದ್ರು. ಊರು ಕೇಳಿದ್ರು. ಕೆಂಚ್ಯಾನ ತಲಿ ಮ್ಯಾಲ ಕೈಯಾಡಿಸಿ, ದಿನಾ ಗೇಟಿಗೆ ಬರೂ ನಾಯಿ ಇದ ಅಲ್ಲೇನು, ಈಗೀಗ ಯಾಕ ಕಾಣೂದಿಲ್ಲ ಅಂದ್ರು. ಸೋಫಾದ ಬಗ್ಗೆ ಒಂದು ಮಾತು ಆಡಲಿಲ್ಲ.

ಸೋಮವಾರ ಸಂಜಿ ಶಿವಗಂಗವ್ವ ಹಗ್ಗಾ ಮುಟ್ಟಲಿಲ್ಲ. ಐದಕ್ಕ ಭೋಂಗಾ ಆತು, ಕೆಂಚ್ಯಾ ಕೆಂಪು ಧೂಳಾ ಎಬ್ಬಿಸ್ಕೋತ ಓಡಿ ಹೋತು. ಸ್ವಲ್ಪ ಹೊತ್ತಿಗೆ ಇಬ್ಬರೂ ಬರೂದು ಕಂಡ್ತು, ಮುಂದ ಮಹಾಂತಪ್ಪ, ಹಿಂದ ನಾಯಿ. ಗೌಡತಿ ಸಾಹೇಬ್ರ ಸೋಫಾದ ಮ್ಯಾಲ ಸುರುಳಿ ಸುತ್ತಿಕೊಂಡು ಮಕ್ಕೊಂಡಿದ್ಳು, ಯಾರೂ ಎಬ್ಬಿಸಲಿಲ್ಲ. ಉದ್ದನ ಸೀಟಿನ್ಯಾಗಿನ ಜ್ವಾಳದ ಸುದ್ದಿ ಶಿವಗಂಗವ್ವ ಗಂಡಗ ಹೇಳಲಿಲ್ಲ, ಮುಂದೂ ಹೇಳಲಿಲ್ಲ.

ಮಹಾಂತಪ್ಪ ಬೂಟು ಬಿಚ್ಚೂಕಿಂತ ಮೊದಲ ಅಡಗಿಮನಿ ಬಾಗಲಿಗೆ ಬಂದು ನಿಂತ.

"ಇವಂದು ಊಟಾ ಆಗೈತೇನು?" ಅಂತ ಕೇಳಿದ, ನಾಯಿ ಕಡೆ ನೋಡಲಾರದ. "ಅಲ್ಲಾ, ಸೋಫಾ ಉಪವಾಸ ಇರಬಾರದು, ಅದಕ್ಕ ಕೇಳಿದೆ."